ಮೌತ್ ಆರ್ಗನ್‌ನಲ್ಲಿ ಬೆಂಡ್ ಮಾಡಿದ ಸ್ವರವನ್ನು ಶ್ರುತಿಯಲ್ಲಿ ನಿಲ್ಲಿಸುವುದು ಹೇಗೆ?

ಪ್ರಶ್ನೆ: ಮಂದ್ರಸ್ಥಾಯಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಹಾಡುಗಾರಿಕೆಯನ್ನು ವರ್ಣದವರೆಗೆ ಕಲಿತವಳು. ಈಗ ಹತ್ತು ರಂಧ್ರಗಳ ಡಯಾಟೋನಿಕ್ ಮೌತ್ ಆರ್ಗನ್ ಅಭ್ಯಾಸ ಮಾಡುತ್ತಿದ್ದೇನೆ. ನನ್ನಲ್ಲಿರುವುದು ಸಿ ಶ್ರುತಿಯ ವಾದ್ಯ. ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳ ಮಾತಿನಲ್ಲಿ ಹೇಳುವುದಾದರೆ ಬಿಳಿ ಒಂದು. ಒಂದೊಂದೇ ರಂಧ್ರವನ್ನು ಬಿಡಿಯಾಗಿ ನುಡಿಸುವುದು ಬರುತ್ತದೆ. ಉಸಿರನ್ನು ಒಳಗೆಳೆಯುತ್ತಾ ಸ್ವರವನ್ನು ಕೆಳಗಿಳಿಸುವುದೂ, ಅಂದರೆ ಬೆಂಡ್ ಮಾಡುವುದೂ ಬರುತ್ತದೆ, ಆದರೆ ಬೇಕಾದ ಕಡೆ ಅದನ್ನು ನಿಲ್ಲಿಸಲು ಆಗುತ್ತಿಲ್ಲ.

ನಾಲ್ಕನೇ ರಂಧ್ರದಲ್ಲಿ ತೊಂದರೆ ಕಡಿಮೆ. ಮೂರನೆಯದರಲ್ಲಿ ಮಾತ್ರ ಸ್ವರವು ಕಾಕಲಿ ನಿಷಾದದಿಂದ ಹೊರಟು ನಡುವೆ ಎಲ್ಲಿಯೂ ತಂಗದೆ ನೇರವಾಗಿ ತಳಕ್ಕೆ ಜಾರಿಬಿಡುತ್ತದೆ. ಕಷ್ಟಪಟ್ಟು ಚತುಶ್ರುತಿ ಧೈವತದ ಹತ್ತಿರ ನಿಲ್ಲಿಸಿದರೂ ಉಸಿರು ಮುಗಿಯುವಷ್ಟರಲ್ಲಿ ಅದು ತಾನಾಗಿಯೇ ಮೇಲೇರಿರುತ್ತದೆ. ಮೊಬೈಲಿನ ಟ್ಯೂನರ್ ಇಟ್ಟುಕೊಂಡರೆ ಅದರ ಮುಳ್ಳು ಅಲ್ಲಾಡುವುದನ್ನು ನೋಡುವುದರಲ್ಲಿಯೇ ಗಮನ ಹೋಗುತ್ತದೆ. ಎರಡನೇ ರಂಧ್ರದಲ್ಲಂತೂ ಬೆಂಡ್ ಮಾಡುವ ಮೊದಲೇ ನಾದ ಉಸಿರುಗಟ್ಟಿದಂತೆ ಬರುತ್ತದೆ. ಇದು ವಾದ್ಯದ ದೋಷವೇ, ನನ್ನ ಬಾಯಿಯ ದೋಷವೇ? ಸ್ವರಜ್ಞಾನ ಇರುವವರಿಗೆ ಹೊಂದುವ ಅಭ್ಯಾಸಕ್ರಮವನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕಾಲು ಹಾರ್ಮೋನಿಯಂ, ಗುಬ್ಬಿ

ಸಹೋದರಿ, ತಮಗೆ ಸ್ವರಜ್ಞಾನ ಇರುವುದರಿಂದ ಅರ್ಧ ದಾರಿ ಈಗಾಗಲೇ ಕ್ರಮಿಸಿದ್ದೀರಿ. ಪಾಶ್ಚಾತ್ಯ ಪಾಠಗಳಲ್ಲಿ ಮೂರನೇ ರಂಧ್ರವನ್ನು ಮೂರು ಬೆಂಡ್‌ಗಳ ಕಠಿಣ ರಂಧ್ರವೆಂದು ಹೇಳಿ ಹೆದರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ನೋಡಿದರೆ ಅಲ್ಲಿರುವುದು ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ ಮತ್ತು ಶುದ್ಧ ಧೈವತ, ಒಂದಕ್ಕಿಂತ ಒಂದು ಅರ್ಧಸ್ವರ ಕೆಳಗೆ. ಹೆಸರು ಹಿಡಿದು ಹಾಡಬಲ್ಲ ಸ್ವರವನ್ನು ಹುಡುಕುವುದಕ್ಕೂ, ಹೆಸರಿಲ್ಲದ ಒಂದು ಎತ್ತರವನ್ನು ಕತ್ತಲಲ್ಲಿ ತಡಕುವುದಕ್ಕೂ ಬಹಳ ವ್ಯತ್ಯಾಸವಿದೆ.

ರಾಗದ ಮೂಲಕವೇ ಅಭ್ಯಾಸ ಮಾಡಿ ಎಂಬುದು ನನ್ನ ಸಲಹೆ. ಸಿ ವಾದ್ಯದಲ್ಲಿ ಮೊದಲನೇ ರಂಧ್ರವನ್ನು ಊದಿದರೆ ಷಡ್ಜ, ಎಳೆದರೆ ಚತುಶ್ರುತಿ ರಿಷಭ. ಎರಡನ್ನು ಊದಿದರೆ ಅಂತರ ಗಾಂಧಾರ, ಎಳೆದರೆ ಪಂಚಮ. ಮೂರನ್ನು ಎಳೆದರೆ ಕಾಕಲಿ ನಿಷಾದ. ನಾಲ್ಕನ್ನು ಊದಿದರೆ ಮತ್ತೆ ಷಡ್ಜ. ಅಂದರೆ ಹಂಸಧ್ವನಿಯನ್ನು ಈ ಕೆಳಗಿನ ಸ್ಥಾಯಿಯಲ್ಲಿ ಒಂದು ಬೆಂಡೂ ಇಲ್ಲದೆ ನುಡಿಸಬಹುದು. ಮೋಹನಕ್ಕೆ ಬಂದರೆ ನಿಷಾದ ಹೋಗಿ ಧೈವತ ಬರುತ್ತದೆ, ಆ ಧೈವತವು ಅಲ್ಲಿ ಸಿದ್ಧವಾಗಿ ಇಲ್ಲ. ಮೂರನೇ ರಂಧ್ರವನ್ನು ಎರಡು ಅರ್ಧಸ್ವರಗಳಷ್ಟು ಇಳಿಸಿ ಅದನ್ನು ನಾವೇ ಮಾಡಿಕೊಳ್ಳಬೇಕು. ನಾಲ್ಕರಿಂದ ಏಳನೇ ರಂಧ್ರದವರೆಗಿನ ಮೇಲಿನ ಸ್ಥಾಯಿಯಲ್ಲಿಯೋ ಇಡೀ ಮೋಹನವು ಬೆಂಡ್ ಇಲ್ಲದೆ ಸಿಗುತ್ತದೆ, ಏಕೆಂದರೆ ಆರನೇ ರಂಧ್ರವನ್ನು ಎಳೆದರೆ ಬರುವುದೇ ಚತುಶ್ರುತಿ ಧೈವತ.

ಆದ್ದರಿಂದ ಮೋಹನದ ಒಂದು ಚಿಕ್ಕ ಸಂಚಾರವನ್ನು, ಗ ಪ ದ ಪ ಎಂಬಷ್ಟೇ ಸಾಕು, ಮೊದಲು ಮೇಲಿನ ಸ್ಥಾಯಿಯಲ್ಲಿ ನಿಧಾನವಾಗಿ ನುಡಿಸಿ. ಬಳಿಕ ವಾದ್ಯವನ್ನು ಬಾಯಿಂದ ತೆಗೆದು ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಹಾಡಿ, ಆಮೇಲೆ ನುಡಿಸಿ. ಆರನೇ ರಂಧ್ರದ ಧೈವತವು ಮೇಲಿನ ಸ್ಥಾಯಿಯಲ್ಲಿ ಯಾವಾಗಲೂ ಸಾಕ್ಷಿಯಾಗಿ ನಿಂತಿರುತ್ತದೆ. ಕೆಳಗಿನದು ಅದಕ್ಕೆ ಒಪ್ಪಿತೋ ಇಲ್ಲವೋ ಎಂಬುದು ತಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ತಂಬೂರಿಯ ಆ್ಯಪ್‌ ಅನ್ನು ಬಿಳಿ ಒಂದಕ್ಕೆ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ವಿಷಯದಿಂದ ಸ್ವಲ್ಪ ಸರಿದು ಒಂದು ಮಾತು. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಕಾಲದಿಂದ ಈ ಸೀಮೆಯವರ ಕಿವಿಗೆ ಹಾರ್ಮೋನಿಯಂ ಚೆನ್ನಾಗಿ ಪರಿಚಿತ. ಅದೂ ಮೌತ್ ಆರ್ಗನ್ನೂ ರೀಡ್ (ಗಾಳಿಗೆ ಕಂಪಿಸುವ ತೆಳು ಲೋಹದ ಪಟ್ಟಿ) ವಾದ್ಯಗಳೇ. ಸ್ವರವನ್ನು ಬಾಗಿಸಲಾರದ ವಾದ್ಯವೆಂಬ ಆಕ್ಷೇಪಕ್ಕೆ ಗುರಿಯಾಗಿ ಹಾರ್ಮೋನಿಯಂ 1940ರಿಂದ ದಶಕಗಳ ಕಾಲ ಆಕಾಶವಾಣಿಯಿಂದ ಹೊರಗಿರಬೇಕಾಯಿತು. ಅಂಗೈಯಲ್ಲಿ ಹಿಡಿಯುವ ಈ ಪುಟ್ಟ ವಾದ್ಯಕ್ಕೆ ಆ ಆಕ್ಷೇಪ ಅಂಟುವುದಿಲ್ಲ ಎಂಬುದು, ಹಾರ್ಮೋನಿಯಂ ನುಡಿಸುವ ನನಗೆ, ಸ್ವಲ್ಪ ಅಸೂಯೆಯ ಸಂಗತಿಯೇ.

ಉತ್ತರ: ರೀಡ್ ರಿಪೇರಿ, ತುಮಕೂರು

ಮೇಲಿನ ಉತ್ತರವು ಕಿವಿಗೆ ಸಂಬಂಧಿಸಿದ್ದನ್ನು ಚೆನ್ನಾಗಿ ಹೇಳಿದೆ. ಬಾಯಿಯ ಒಳಗೆ ನಡೆಯುವುದನ್ನು ನಾನು ಹೇಳುತ್ತೇನೆ, ಏಕೆಂದರೆ ಸ್ವರವು ತಾನಾಗಿಯೇ ಮೇಲೇರುವುದಕ್ಕೂ ತಳಕ್ಕೆ ಜಾರುವುದಕ್ಕೂ ಕಾರಣ ಅಲ್ಲಿಯೇ ಇದೆ.

ಡಯಾಟೋನಿಕ್ ವಾದ್ಯದ ಪ್ರತಿ ರಂಧ್ರದ ಹಿಂದೆ ಒಂದೇ ಗೂಡಿನಲ್ಲಿ ಎರಡು ರೀಡ್‌ಗಳಿರುತ್ತವೆ, ಒಂದು ಊದಿದಾಗ ನುಡಿಯುವುದು, ಇನ್ನೊಂದು ಎಳೆದಾಗ ನುಡಿಯುವುದು. ಬೆಂಡ್ ಎಂದರೆ ಒಂದೇ ರೀಡ್ ಅನ್ನು ಬಲವಂತವಾಗಿ ಬಗ್ಗಿಸುವುದಲ್ಲ. ಬಾಯಿಯ ಪೊಳ್ಳಿನ ಗಾತ್ರವನ್ನು ನಾಲಿಗೆಯಿಂದ ಬದಲಿಸಿದಾಗ ಹೆಚ್ಚು ಎತ್ತರದ ಸ್ವರದ ರೀಡ್ ಕೆಳಗಿಳಿಯತೊಡಗುತ್ತದೆ, ಇಳಿಯುತ್ತಾ ಹೋದಂತೆ ತಗ್ಗಿನ ಸ್ವರದ ರೀಡ್ ಕೂಡ ಕಂಪಿಸಲು ಆರಂಭಿಸಿ ನಾದದ ಭಾರವನ್ನು ತಾನು ಹೊತ್ತುಕೊಳ್ಳುತ್ತದೆ. ಆದ್ದರಿಂದಲೇ ಯಾವ ರಂಧ್ರದಲ್ಲಿ ಎಷ್ಟು ಇಳಿಯಬಹುದು ಎಂಬುದನ್ನು ಆ ಎರಡು ರೀಡ್‌ಗಳ ನಡುವಿನ ಅಂತರವೇ ನಿರ್ಧರಿಸುತ್ತದೆ. ತಗ್ಗಿನ ರೀಡ್‌ಗಿಂತ ಸುಮಾರು ಅರ್ಧಸ್ವರ ಮೇಲಕ್ಕೆ ಬೆಂಡ್ ಮುಗಿಯುತ್ತದೆ. ನಾಲ್ಕನೆಯದರಲ್ಲಿ ಡಿ (ಚತುಶ್ರುತಿ ರಿಷಭ) ಮತ್ತು ಸಿ (ಷಡ್ಜ) ನಡುವೆ ಇರುವುದು ಒಂದೇ ಸ್ವರವಾದ್ದರಿಂದ ಕೆಳಗೆ ತಳ ಸಿಗುತ್ತದೆ, ತಾವು ಅಲ್ಲಿ ತಾನಾಗಿಯೇ ನಿಲ್ಲುತ್ತೀರಿ. ಮೂರನೆಯದರಲ್ಲಿ ಬಿ (ಕಾಕಲಿ ನಿಷಾದ) ಮತ್ತು ಜಿ (ಪಂಚಮ) ನಡುವೆ ಮೂರು ಸ್ವರಗಳಿವೆ; ತಳದ ಶುದ್ಧ ಧೈವತಕ್ಕೆ ಮಾತ್ರ ಆಸರೆಯಿದೆ, ನಡುವಿನ ಎರಡಕ್ಕೆ ಯಾವ ಆಸರೆಯೂ ಇಲ್ಲ. ಐದನೆಯದರಲ್ಲಿ ಎರಡು ರೀಡ್‌ಗಳ ಅಂತರವೇ ಅರ್ಧಸ್ವರ, ಹಾಗಾಗಿ ಅಲ್ಲಿ ಪೂರ್ಣ ಬೆಂಡ್‌ಗೆ ಪ್ರಯತ್ನಿಸಿ ರೀಡ್ ಹಾಳು ಮಾಡಿಕೊಳ್ಳಬೇಡಿ. ಏಳನೆಯದನ್ನು ಎಳೆದು ಇಳಿಸುವುದಂತೂ ಸಾಧ್ಯವೇ ಇಲ್ಲ, ಅಲ್ಲಿಂದ ಮುಂದೆ ಊದುವ ರೀಡ್‌ಗಳೇ ಎತ್ತರದವು.

ಈಗ ನಾಲಿಗೆಯ ವಿಚಾರ. ಶಾಲೆಯಲ್ಲಿ ಕಲಿತ ತಾಲವ್ಯ ಮತ್ತು ಕಂಠ್ಯಗಳನ್ನು ನೆನಪಿಸಿಕೊಂಡರೆ ಸಾಕು. ಆರನೇ ರಂಧ್ರದ ಬೆಂಡ್‌ಗೆ ನಾಲಿಗೆಯ ಉಬ್ಬು ಯ ಎನ್ನುವಾಗ ಇರುವ ಜಾಗದ ಆಸುಪಾಸಿನಲ್ಲಿರಬೇಕು. ಮೂರು ಮತ್ತು ಎರಡಕ್ಕೆ ಅದು ಕ ಎನ್ನುವ ಜಾಗದ ಕಡೆಗೆ ಹಿಂದೆ ಸರಿಯಬೇಕು. ಮೊದಲನೆಯದಕ್ಕೆ ದವಡೆಯೂ ಕೆಳಗಿಳಿಯಬೇಕು. ಮೂರನೆಯದರಲ್ಲಿಯೇ ಕೈಶಿಕಿ ನಿಷಾದದಿಂದ ಶುದ್ಧ ಧೈವತದವರೆಗೆ ಹೋಗಲು ಆ ಉಬ್ಬು ಚಲಿಸುವ ದೂರ ಬಹಳ ಕಡಿಮೆ. ತಾವು ಜಾರಿಬೀಳುತ್ತಿರುವುದು ಬಹುಶಃ ಉಸಿರನ್ನು ಜೋರಾಗಿ ಎಳೆದು ಇಳಿಸುತ್ತಿರುವುದರಿಂದ. ಉಸಿರಿನ ಬಲದಿಂದ ಬಂದ ಬೆಂಡ್ ಉಸಿರು ಕುಗ್ಗಿದಾಗ ಮೇಲೇರುತ್ತದೆ, ತಮಗೆ ಆಗುತ್ತಿರುವುದೂ ಅದೇ.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಅಭ್ಯಾಸ ಒಂದೇ. ಧೈವತವನ್ನು ಹಿಡಿಯಿರಿ, ನಾಲಿಗೆಯನ್ನು ಕದಲಿಸದೆ ಉಸಿರನ್ನು ಮಾತ್ರ ನಿಲ್ಲಿಸಿ, ಕ್ಷಣ ಬಿಟ್ಟು ಅದೇ ಆಕಾರದಲ್ಲಿ, ಮಾತನಾಡುವಾಗ ಒಳಗೆ ಹೋಗುವಷ್ಟು ಮೆತ್ತಗಿನ ಉಸಿರಿನಲ್ಲಿ ಮತ್ತೆ ಎಳೆಯಿರಿ. ನಿಷಾದದಿಂದ ಜಾರದೆ ನೇರವಾಗಿ ಧೈವತವೇ ನುಡಿದರೆ ಬಾಯಿಗೆ ಆ ಸ್ವರ ಗೊತ್ತಾಗಿದೆ ಎಂದರ್ಥ. ಅದಾದ ಮೇಲೆ ಮೂರನ್ನು ಊದಿ ಪಂಚಮ, ಎಳೆದು ಧೈವತ, ಮತ್ತೆ ಪಂಚಮ ಎಂದು ನುಡಿಸಿ. ಎಳೆಯುವ ಮೊದಲೇ ನಾಲಿಗೆ ತನ್ನ ಜಾಗದಲ್ಲಿರಬೇಕಾಗುವುದರಿಂದ ಇದು ಕಠಿಣ, ಆದರೆ ಇದರಷ್ಟು ಫಲ ಕೊಡುವ ಪಾಠ ಇನ್ನೊಂದಿಲ್ಲ.

ಟ್ಯೂನರ್ ಬಿಡಬೇಡಿ, ಆದರೆ ಅದನ್ನು ನೋಡುತ್ತಾ ನುಡಿಸಬೇಡಿ. ಕಣ್ಣು ಮುಚ್ಚಿ ಸ್ವರ ಹಿಡಿದು, ಸರಿಯಾಯಿತು ಎನಿಸಿದ ಮೇಲೆ ಕಣ್ಣು ತೆರೆದು ನೋಡಿ. ಸಿ ವಾದ್ಯದ ಆ ಧೈವತವು ಸರಿಯಾಗಿ 440 ಹರ್ಟ್ಸ್‌ನ ಎ ಸ್ವರ, ಆರನೆಯದು ಅದರ ಇಮ್ಮಡಿಯಾದ 880. ಉಸಿರಿನ ಒತ್ತಡಕ್ಕೆ ಸ್ವರ ತುಸು ತಗ್ಗುತ್ತದೆಂದು ಅನೇಕ ತಯಾರಕರು ವಾದ್ಯವನ್ನೇ 442 ಅಥವಾ 443ರ ಲೆಕ್ಕಕ್ಕೆ ಶ್ರುತಿ ಮಾಡಿರುತ್ತಾರೆ; ಮುಳ್ಳು ಕೂದಲೆಳೆಯಷ್ಟು ಮೇಲಿದ್ದರೆ ಗಾಬರಿ ಬೇಡ.

ಉತ್ತರ: ತೆಂಗಿನತೋಟ, ತಿಪಟೂರು

ಟ್ಯೂನರ್ ವಿಷಯದಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಟ್ಯೂನರ್ ತೋರಿಸುವುದು ಕೀಬೋರ್ಡಿನ ಸಮಪಾಲಿನ ಸ್ವರಗಳನ್ನು. ತಂಬೂರಿಯ ಷಡ್ಜಕ್ಕೆ ಪೂರ್ತಿ ಬೆರೆಯುವ ಅಂತರ ಗಾಂಧಾರವು ಅದಕ್ಕಿಂತ ಸುಮಾರು 14 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗಿರುತ್ತದೆ, ಧೈವತವು ಸುಮಾರು 16 ಸೆಂಟ್ ಕೆಳಗೆ. ಮುಳ್ಳನ್ನು ನಡುವಿಗೆ ತರಲು ಹೊರಟು ತಂಬೂರಿಗೆ ಒಗ್ಗಿದ ಧೈವತವನ್ನು ತಾವು ಕೆಡಿಸಿಕೊಳ್ಳುವ ಸಾಧ್ಯತೆಯಿದೆ. ಗಿಟಾರ್ ಅಥವಾ ಕೀಬೋರ್ಡ್ ಜೊತೆ ನುಡಿಸುವವರಿಗೆ ಮುಳ್ಳು ನಡುವೆ ಇರಲಿ. ತಂಬೂರಿಯ ಜೊತೆ ನುಡಿಸುವವರಿಗೆ ತಂಬೂರಿಯೇ ಪ್ರಮಾಣ.

ಇನ್ನೊಂದು ಎಚ್ಚರಿಕೆ, ಈ ಪುಟವನ್ನು ಓದುವ ಇತರರಿಗಾಗಿ. ಸಾಲಾಗಿ ಎರಡೆರಡು ರಂಧ್ರಗಳಿರುವ, ನಡುಗುವ ನಾದದ ಟ್ರೆಮೊಲೊ ವಾದ್ಯದಲ್ಲಿ ಊದುವ ಮತ್ತು ಎಳೆಯುವ ರೀಡ್‌ಗಳು ಬೇರೆ ಬೇರೆ ಗೂಡುಗಳಲ್ಲಿರುತ್ತವೆ. ಹಳೆಯ ಚಿತ್ರಗೀತೆಗಳನ್ನು ನುಡಿಸಲು ಅದು ಸೊಗಸಾದ ವಾದ್ಯ, ಆದರೆ ಅದರಲ್ಲಿ ಈ ಬಗೆಯ ಬೆಂಡ್ ಬರುವುದಿಲ್ಲ.

ಮರುಪ್ರಶ್ನೆ: ಮಂದ್ರಸ್ಥಾಯಿ, ತುಮಕೂರು

ಮೂವರಿಗೂ ಕೃತಜ್ಞತೆಗಳು. ಉಸಿರನ್ನು ನಿಲ್ಲಿಸಿ ಮತ್ತೆ ಎಳೆಯುವ ಅಭ್ಯಾಸದಿಂದ, ನಾನು ನಾಲಿಗೆಗಿಂತ ಉಸಿರನ್ನೇ ನೆಚ್ಚಿಕೊಂಡಿರುವುದು ಸ್ಪಷ್ಟವಾಯಿತು. ಎರಡು ಸಂದೇಹಗಳು ಉಳಿದಿವೆ. ಎರಡನೇ ರಂಧ್ರದ ಉಸಿರುಗಟ್ಟಿದ ನಾದಕ್ಕೆ ಏನು ಮಾಡಬೇಕು? ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿಯೇ ನುಡಿಸಬೇಕೆಂಬ ಆಸೆಯೂ ಇದೆ, ಅದು ಈಗಲೇ ಆಗುವ ಮಾತೇ?

ಉತ್ತರ: ರೀಡ್ ರಿಪೇರಿ, ತುಮಕೂರು

ಎರಡನ್ನು ಎಳೆದರೂ ಮೂರನ್ನು ಊದಿದರೂ ಬರುವುದು ಒಂದೇ ಪಂಚಮ. ಎರಡನ್ನೂ ಒಂದಾದ ಮೇಲೊಂದು ನುಡಿಸಿ ಹೋಲಿಸಿ ನೋಡಿ. ಎಳೆದದ್ದು ತಗ್ಗಾಗಿ ಕೇಳಿಸಿದರೆ, ತಮಗೆ ತಿಳಿಯದೆಯೇ ಅಲ್ಲಿ ಅರ್ಧಂಬರ್ಧ ಬೆಂಡ್ ಆಗುತ್ತಿದೆ ಎಂದೇ ತಿಳಿಯಿರಿ. ವಾದ್ಯವನ್ನು ತುಟಿಗಳ ನಡುವೆ ಇನ್ನಷ್ಟು ಒಳಗೆ ತೆಗೆದುಕೊಂಡು, ದವಡೆ ಸಡಿಲಿಸಿ, ಆಕಳಿಸುವಾಗಿನಂತೆ ಗಂಟಲು ತೆರೆದುಕೊಂಡರೆ ನಾದ ಬಿಡಿಸಿಕೊಳ್ಳುತ್ತದೆ. ಮೂಗಿನಿಂದ ಗಾಳಿ ಸೋರುತ್ತಿದೆಯೇ ಎಂಬುದನ್ನೂ ಮೂಗು ಮುಚ್ಚಿ ಒಮ್ಮೆ ಪರೀಕ್ಷಿಸಿ. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ರೀಡ್ ಅನ್ನು ಸಂಶಯಿಸಬೇಕು.

ಉತ್ತರ: ಕಾಲು ಹಾರ್ಮೋನಿಯಂ, ಗುಬ್ಬಿ

ಮಾಯಾಮಾಳವಗೌಳವು ಹಾಡುಗಾರರಿಗೆ ಮೊದಲ ಪಾಠವಾದರೂ ಈ ವಾದ್ಯಕ್ಕೆ ಅದು ಕೊನೆಯ ಪಾಠಗಳಲ್ಲೊಂದು. ಕೆಳಗಿನ ಸ್ಥಾಯಿಯಲ್ಲಿ ಶುದ್ಧ ರಿಷಭಕ್ಕೆ ಮೊದಲನೆಯದನ್ನು, ಶುದ್ಧ ಮಧ್ಯಮಕ್ಕೆ ಎರಡನೆಯದನ್ನು ತಳದವರೆಗೆ, ಶುದ್ಧ ಧೈವತಕ್ಕೆ ಮೂರನೆಯದನ್ನು ತಳದವರೆಗೆ ಇಳಿಸಬೇಕು. ಮೇಲಿನ ಸ್ಥಾಯಿಯಲ್ಲಿ ಮಧ್ಯಮ ತಾನಾಗಿ ಸಿಗುವುದರಿಂದ ನಾಲ್ಕು ಮತ್ತು ಆರರ ಎರಡೇ ಬೆಂಡ್‌ಗಳು ಸಾಕು, ಆದ್ದರಿಂದ ಅಲ್ಲಿಂದ ಆರಂಭಿಸಿ. ಅದಕ್ಕೂ ಮುಂಚೆ ಶಂಕರಾಭರಣದ ಸ್ವರಗಳಲ್ಲಿ ಸರಳೆಯನ್ನು ಕೆಳಗಿನ ಸ್ಥಾಯಿಯಲ್ಲಿ ನುಡಿಸಿ. ಅಲ್ಲಿ ಎರಡನೆಯದರ ಮಧ್ಯಮ, ಮೂರನೆಯದರ ಧೈವತ ಇವೆರಡೇ ಬೆಂಡ್‌ಗಳು. ಪಂಚಮವನ್ನು ಮೂರನೆಯದನ್ನು ಊದಿ ತೆಗೆಯುವುದೋ ಎರಡನೆಯದನ್ನು ಎಳೆದು ತೆಗೆಯುವುದೋ ಎಂಬುದನ್ನು ಉಸಿರಿಗೆ ಅನುಕೂಲವಾದಂತೆ ತಾವೇ ಗೊತ್ತು ಮಾಡಿಕೊಳ್ಳಬಹುದು.

ಗಮಕವನ್ನು ಸದ್ಯಕ್ಕೆ ಬದಿಗಿಡಿ. ಮೋಹನದ ಧೈವತವನ್ನು ತೂಗಾಡಿಸಬೇಕೆಂಬ ಆಸೆ ಹಾಡಿದವರಿಗೆ ಸಹಜವಾಗಿಯೇ ಬರುತ್ತದೆ, ಆದರೆ ಸ್ಥಾನ ಗಟ್ಟಿಯಾಗದೆ ತೂಗಿದರೆ ತಪ್ಪು ಸ್ವರವೂ ಗಮಕದಂತೆ ಕೇಳಿಸಿ ತಮ್ಮ ಕಿವಿಯೇ ತಮ್ಮನ್ನು ಮೋಸಗೊಳಿಸುತ್ತದೆ. ಆ ಧೈವತವನ್ನು ಒಂದು ಆವರ್ತ ಆದಿತಾಳದಷ್ಟು ಅಲುಗದೆ ನಿಲ್ಲಿಸಲು ಬಂದ ಮೇಲೆ ಇಲ್ಲಿಯೇ ಬರೆಯಿರಿ, ಕಂಪಿತದ, ಅಂದರೆ ಸ್ವರವನ್ನು ತೂಗಾಡಿಸುವ ಗಮಕದ ವಿಷಯವನ್ನು ಆಗ ಮಾತನಾಡೋಣ.