ಬಜ್ಪೆ ರನ್‌ವೇ ಮಿಲಿಟರಿಗೆ ಹೋದರೆ ಏನೇನು ಬದಲಿಸಬೇಕಾಗ್ತದೆ?

ಕಿನ್ನಿಗೋಳಿ_ಕಡೆಯವ:
ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ 1999ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ನೆಡುಂಬಾಶ್ಶೇರಿಗೆ ಹೋದವು, ಹಳೆಯದು ನೌಕಾಪಡೆಗಾಯ್ತು. ಮುಂದೆ ಮಂಗಳೂರಿಗೆ ಬೇರೆ ಕಡೆ ದೊಡ್ಡ ನಿಲ್ದಾಣ ಬಂದರೆ ಬಜ್ಪೆಯನ್ನೂ ಹೀಗೆ ಮಾಡ್ಲಿಕ್ಕೆ ಆಗ್ತದಾ? ಬೋರ್ಡ್ ಬದಲಿಸಿದರೆ ಸಾಕಾ, ಡಾಮರು ಕಿತ್ತು ಹಾಕಬೇಕಾ?

ಏಪ್ರನ್_ಬೇ:
ಕೊಚ್ಚಿ ಸರಿಯಾದ ಉದಾಹರಣೆ ಅಲ್ಲ ಮಾರಾಯ್ರೆ. ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಗರುಡ 1953ರಿಂದ ಅಲ್ಲೇ ಉಂಟು. ಸಿವಿಲ್‌ನವರು ಒಕ್ಕಲು ಬಿಟ್ಟು ಹೋದ ಹಾಗೆ ಹೋದರು, ಅಷ್ಟೆ. ನಿಜವಾಗಿ ಕೈ ಬದಲಿದ್ದು ಗೋವಾದ ದಾಬೋಲಿಂ. ಪೋರ್ಚುಗೀಸರು 1950ರ ದಶಕದಲ್ಲಿ ಕಟ್ಟಿದ ಸಿವಿಲ್ ನಿಲ್ದಾಣ ಅದು. 1961ರ ಡಿಸೆಂಬರಿನಲ್ಲಿ ನಮ್ಮ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ಬಾಂಬ್ ಹಾಕಿದವು, 1964ರಲ್ಲಿ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಹಂಸ ಕೊಯಮತ್ತೂರು ಹತ್ತಿರದ ಸೂಲೂರಿನಿಂದ ಅಲ್ಲಿಗೆ ಬಂತು.

ಬಜ್ಪೆಗೆ ಯಾವ ವಿಮಾನ ಅಂತ ಮೊದಲು ಹೇಳಿ. ಡಾರ್ನಿಯರ್ 228ರಂಥ ಸಣ್ಣ ಪ್ರೊಪೆಲ್ಲರ್ ವಿಮಾನ ಆದರೆ 1,615 ಮೀಟರಿನ ಹಳೆ ರನ್‌ವೇಯ ಉದ್ದವೇ ಧಾರಾಳ. ಫೈಟರ್ ಆದರೆ 2,450 ಮೀಟರಿನದ್ದೇ ಬೇಕು. ಪಿಸಿಎನ್‌ನಲ್ಲಿ (ರನ್‌ವೇ ಎಷ್ಟು ಭಾರ ತಾಳ್ತದೆ ಅಂತ ಹೇಳುವ ಸಂಕೇತ, 2024ರಿಂದ ಅದರ ಜಾಗಕ್ಕೆ ಪಿಸಿಆರ್) ಬರೀ ಸಂಖ್ಯೆ ನೋಡಿ ಖುಷಿಪಡಬೇಡಿ. ಫೈಟರ್ ಪ್ರಯಾಣಿಕರ ಬೋಯಿಂಗ್ 737ಕ್ಕಿಂತ ಎಷ್ಟೋ ಹಗುರ, ಆದರೆ ಚಕ್ರ ಸಣ್ಣದು, ಗಾಳಿ ಬಿಗಿ. ಸಂಖ್ಯೆಯ ನಂತರದ ಮೂರನೇ ಅಕ್ಷರ ಟೈರ್ ಒತ್ತಡದ್ದು: ಡಬ್ಲ್ಯೂ ಅಂದರೆ ಮಿತಿಯಿಲ್ಲ, ಎಕ್ಸ್ ಅಂದರೆ 1.75 ಮೆಗಾಪಾಸ್ಕಲ್‌ವರೆಗೆ.

2023ರಲ್ಲಿ ಇಲ್ಲಿ ಕಾಂಕ್ರೀಟಿನ ಮೇಲೆ ಡಾಮರು ಹಾಸಿದ್ದಾರೆ. ಓಡುವ ಉದ್ದಕ್ಕೆ ತೊಂದರೆ ಇಲ್ಲ. ಆಫ್ಟರ್‌ಬರ್ನರ್ (ಇಂಜಿನ್ನಿನ ಹಿಂದೆ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವುದು) ಹಚ್ಚುವ ತುದಿಯಲ್ಲಿ, ನಿಲ್ಲಿಸಿ ಇಂಜಿನ್ ಪರೀಕ್ಷಿಸುವಲ್ಲಿ ಮಾತ್ರ ಡಾಮರು ಮೆತ್ತಗಾಗಿ ಜಲ್ಲಿ ಕಳಚ್ತದೆ. ಚೆಲ್ಲಿದ ಇಂಧನವೂ ಅದನ್ನು ಕರಗಿಸ್ತದೆ. ಒಂದು ಜಲ್ಲಿ ಒಳಗೆ ಹೋದರೆ ಇಂಜಿನ್ ಬ್ಲೇಡ್ ಹಾಳು. ಅಲ್ಲಿಗೆಲ್ಲ ಕಾಂಕ್ರೀಟೇ ಆಗಬೇಕು.

ಪಣಂಬೂರು_ಟ್ಯಾಂಕ್:
ಇಂಧನ ಬಿಟ್ಟಿರಲ್ಲ. ಪ್ರಯಾಣಿಕರ ವಿಮಾನಕ್ಕೆ ಹಾಕುವ ಜೆಟ್ ಎ-1ಕ್ಕೆ ಫ್ಲಾಶ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆ) ಕನಿಷ್ಠ 38 ಡಿಗ್ರಿ ಸೆಲ್ಸಿಯಸ್. ವಿಮಾನವಾಹಕ ಹಡಗಿನಲ್ಲಿ ಇಡುವ ವಿಮಾನ ಇಂಧನಕ್ಕೆ ಕನಿಷ್ಠ 60, ಹಡಗಿನೊಳಗಿನ ಬೆಂಕಿ ಭಯಕ್ಕೆ. ಎರಡೂ ಬೆರೆತರೆ ಫ್ಲಾಶ್ ಪಾಯಿಂಟ್ ಇಳೀತದೆ, ಆ ಸ್ಟಾಕ್ ಹಡಗಿಗೆ ನಡೆಯುವುದಿಲ್ಲ. ನೌಕಾಪಡೆಯ ಫೈಟರ್ ಬರುವುದಾದರೆ ಬೇರೆ ಟ್ಯಾಂಕ್, ಬೇರೆ ಫಿಲ್ಟರ್, ಬೇರೆ ಬೌಸರ್ (ಇಂಧನ ತುಂಬಿಸುವ ಟ್ಯಾಂಕರ್ ಲಾರಿ).

ಕಿನ್ನಿಗೋಳಿ_ಕಡೆಯವ:
ಇಷ್ಟು ಸರಿ ಮಾಡಿದ್ರೆ ಫೈಟರ್‌ಗೆ ಆಗ್ತದಲ್ವಾ?

ಏಪ್ರನ್_ಬೇ:
ಆಗ್ಲಿಕ್ಕಿಲ್ಲ. ಜಾಗ ಎಲ್ಲಿ ಉಂಟು? ಫೈಟರ್ ನಿಲ್ಲಿಸುವ ಗಟ್ಟಿ ಶೆಲ್ಟರ್‌ಗಳನ್ನು ಚದುರಿಸಿ ಕಟ್ಟಬೇಕು, ಸಾಲಾಗಿಟ್ಟರೆ ಒಂದೇ ದಾಳಿಗೆ ಎಲ್ಲ ಹೋಗ್ತವೆ. ಬಾಂಬ್ ಗೋದಾಮು ಮನೆ, ರಸ್ತೆಗಳಿಂದ ಎಷ್ಟು ದೂರ ಅನ್ನುವುದು ಸ್ಫೋಟಕ ತೂಕದ ಘನಮೂಲದ ಲೆಕ್ಕ: ತೂಕ ಎಂಟು ಪಟ್ಟಾದರೆ ದೂರ ಎರಡು ಪಟ್ಟು. ಗುಡ್ಡದ ತಲೆ ಮೇಲಿನ ಟೇಬಲ್‌ಟಾಪ್‌ನಲ್ಲಿ ಅಷ್ಟು ಸಮತಟ್ಟು ಸಿಗುವುದಿಲ್ಲ, ಆಚೆ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಬೇರೆ. ರನ್‌ವೇ ತುದಿಗೆ ಅರೆಸ್ಟರ್ ಬಲೆ ಹಾಕಬಹುದು. ಆದರೆ ಅದು ಫೈಟರ್ ಹಿಡಿಯಲಿಕ್ಕೆ. ಪ್ರಯಾಣಿಕರ ವಿಮಾನ ಬರುವಾಗ ಮಲಗಿಸಿಡಬೇಕು.

ಯಕ್ಕೂರು_24:
ಕಾಗದವನ್ನೂ ನೋಡಿ. 2020ರ ಅಕ್ಟೋಬರ್ 31ರಿಂದ 50 ವರ್ಷಕ್ಕೆ ನಿಲ್ದಾಣ ಅದಾನಿಯವರ ಗುತ್ತಿಗೆಯಲ್ಲಿ ಉಂಟು. ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಮಾತ್ರ ಈಗಲೂ ವಿಮಾನ ನಿಲ್ದಾಣ ಪ್ರಾಧಿಕಾರದ್ದೇ. ಮಿಲಿಟರಿಗೆ ಹೋದರೆ ಅದೂ ಅವರ ಕೈಗೆ, ದಾಬೋಲಿಂನಲ್ಲಿ ಇರುವ ಹಾಗೆ.