ವಾರ್ಡಿಗೆ ಕಮ್ಯುನಿಟಿ ಹಾಲ್ ಬರುತ್ತದಂತೆ: ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಬೈಲುಮನೆ:

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವನು. ನಮ್ಮ ವಾರ್ಡಿಗೆ ಪಂಚಾಯತಿನಿಂದ ಒಂದು ಕಮ್ಯುನಿಟಿ ಹಾಲ್ ಕಟ್ಟುವ ಮಾತು ನಡೆಯುತ್ತಿದೆ. ಮೊದಲ ಹಂತಕ್ಕೆ 15 ಲಕ್ಷ ಇಡುತ್ತಾರಂತೆ. ಊರಿನ ಒಬ್ಬರು ಹಿರಿಯರು 10 ಸೆಂಟ್ಸ್ ಜಾಗ ಬಿಟ್ಟುಕೊಡಲು ಒಪ್ಪಿದ್ದಾರೆ. ಬೈಲಿನ ಅಂಚಿನಲ್ಲಿರುವ ಜಾಗ. ಹಿಂದೆ ಭತ್ತದ ಗದ್ದೆ, ಈಗ ಅಡಿಕೆ ಸಸಿ ಇದೆ.

ಹಾಲ್ ಬೇಕು ಅನ್ನುವುದು ನಿಜ. ಕುಟುಂಬಶ್ರೀಯ (ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಸಂಘ) ಹೆಂಗಸರು ಮೀಟಿಂಗಿಗೆ ಅಂಗನವಾಡಿಯ ಜಗಲಿಯಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ತಾಳಮದ್ದಳೆ ಇಡಬೇಕಾದರೆ ಶಾಲೆಯವರನ್ನು ಕೇಳಬೇಕು. ಆದರೆ ರಸ್ತೆ ಹೊಂಡ ಬಿದ್ದು ರಿಕ್ಷಾದವರೇ ಬರುವುದಿಲ್ಲ, ಮೊದಲು ಅದನ್ನು ಸರಿ ಮಾಡಲಿ ಅಂತ ಅರ್ಧ ಊರು ಹೇಳುತ್ತಿದೆ. 15 ಲಕ್ಷದಲ್ಲಿ ಹಾಲ್ ಮುಗಿಯುತ್ತದಾ? ಗ್ರಾಮಸಭೆ ಹತ್ತಿರ ಬಂತು. ಗೊತ್ತಿದ್ದವರು ಹೇಳಿ.

ಚೆಂಡೆಪೆಟ್ಟು:

ಬರುವ ಹಣ ಬೇಡ ಅನ್ನಬೇಡಿ. ನೀವು ಬೇಡ ಅಂದರೆ ಪಕ್ಕದ ವಾರ್ಡಿನವರು ತಗೊಂಡು ಹೋಗುತ್ತಾರೆ, ಅಷ್ಟೇ. ಮೊದಲು ಗೋಡೆ ಏಳಲಿ, ಉಳಿದದ್ದು ಆಮೇಲೆ ನೋಡಿಕೊಳ್ಳಬಹುದು.

ಹಳೇ ಮೆಂಬರಕ್ಕ:

ಚೆಂಡೆಯವರೇ, ಆ "ಆಮೇಲೆ ನೋಡಿಕೊಳ್ಳಬಹುದು" ಅನ್ನುವುದು ಇದೆಯಲ್ಲ, ಅದರಲ್ಲೇ ಎಲ್ಲಾ ಹಾಳಾಗುವುದು. ನಾನು ಒಂದು ಅವಧಿಗೆ ಮೆಂಬರ್ ಆಗಿದ್ದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಬೈಲುಮನೆಯವರೇ, ಹಣಕ್ಕಿಂತ ಮೊದಲು ಜಾಗ ನೋಡಿ. "ಹಿಂದೆ ಗದ್ದೆ" ಅಂದಿರಲ್ಲ, ಅಲ್ಲೇ ನನಗೆ ಹೆದರಿಕೆ. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಇದೆ. ಆ ಸರ್ವೆ ನಂಬರ್ ಡೇಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯ್ದೆಯ ಪ್ರಕಾರ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ಗದ್ದೆ ಅಂತ ಇದ್ದರೆ, ಮೇಲೆ ಅಡಿಕೆ ಇದ್ದರೂ ಕಾಗದದಲ್ಲಿ ಅದು ಗದ್ದೆಯೇ. ಅದನ್ನು ಪಟ್ಟಿಯಿಂದ ತೆಗೆಸಲು ಫಾರ್ಮ್ 5ರಲ್ಲಿ ಅರ್ಜಿ ಹಾಕಬೇಕು. ಬೇಗ ಮುಗಿಯುವ ಕೆಲಸ ಅಲ್ಲ. ಕೃಷಿ ಭವನಕ್ಕೆ ಹೋಗಿ ಡೇಟಾ ಬ್ಯಾಂಕ್ ನೋಡಿ. ಆ ಹಿರಿಯರ ಮನಸ್ಸು ದೊಡ್ಡದು, ಆದರೆ ಬಾಯಿಮಾತಿಗೆ ಪಂಚಾಯತು ಹಣ ಇಡಲು ಆಗುವುದಿಲ್ಲ. ಜಾಗ ಪಂಚಾಯತಿನ ಹೆಸರಿಗೆ ರಿಜಿಸ್ಟರ್ ಆಗಬೇಕು. ಅಲ್ಲಿಯವರೆಗೆ ಹೋಗುವ ದಾರಿಯೂ ಕಾಗದದಲ್ಲಿ ಇರಬೇಕು. ದಾರಿ ಇನ್ನೊಬ್ಬರ ತೋಟದ ಮೂಲಕ ಅಂತಾದರೆ ಅವರ ಕಾಲದಲ್ಲಿ ಬಿಡುತ್ತಾರೆ, ಮಕ್ಕಳ ಕಾಲದಲ್ಲಿ ಬೇಲಿ ಬೀಳುತ್ತದೆ.

ರಸ್ತೆಯೋ ಹಾಲೋ ಅನ್ನುವ ಜಗಳ ಪ್ರತಿ ಗ್ರಾಮಸಭೆಯಲ್ಲೂ ಇದ್ದದ್ದೇ. ಅರ್ಧ ಜಗಳ ಸುಮ್ನೆ. ಇರುವ ರಸ್ತೆಯ ರಿಪೇರಿಗೆ ಸರ್ಕಾರ ಮೈಂಟೆನೆನ್ಸ್ ಫಂಡ್ ಅಂತ ಬೇರೆಯೇ ಕೊಡುತ್ತದೆ. ಅದರಲ್ಲಿ ಹೊಸ ಹಾಲ್ ಕಟ್ಟಲು ಬರುವುದಿಲ್ಲ. ಹಾಗಾಗಿ ಹೊಂಡ ಮುಚ್ಚಿ ಅಂತ ಕೇಳಿದರೆ ಹಾಲ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಎರಡನ್ನೂ ಕೇಳಿ. ಹೊಸ ರಸ್ತೆಗೂ ಹೊಸ ಹಾಲಿಗೂ ಮಾತ್ರ ಒಂದೇ ಪ್ಲಾನ್ ಫಂಡಿನಲ್ಲಿ ಪೈಪೋಟಿ. 1996ರಲ್ಲಿ ಜನಕೀಯ ಯೋಜನೆ (ಊರಿನ ಯೋಜನೆಯನ್ನು ಜನರೇ ಸೇರಿ ಮಾಡುವ ಕ್ರಮ) ಶುರುವಾದಾಗಿನಿಂದ ಒಂದು ಕೆಲಸ ಮಂಜೂರಾಗುವ ದಾರಿ ಹೀಗೆ: ಗ್ರಾಮಸಭೆ, ಕಾರ್ಯಕಾರಿ ಗುಂಪು, ಅಭಿವೃದ್ಧಿ ಸೆಮಿನಾರ್, ಪಂಚಾಯತ್ ಸಮಿತಿ, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ಜನ ಗ್ರಾಮಸಭೆಗೆ ಬಂದು ಗಲಾಟೆ ಮಾಡಿ, ಸಹಿ ಹಾಕಿ, ಚಾ ಕುಡಿದು ಹೋಗುತ್ತಾರೆ. ಹಾಲ್ ಎಷ್ಟು ದೊಡ್ಡದು, ಎಲ್ಲಿ, ಯಾವ ವರ್ಷ ಅನ್ನುವುದು ತೀರ್ಮಾನ ಆಗುವುದು ಕಾರ್ಯಕಾರಿ ಗುಂಪಿನಲ್ಲಿ. ಅಲ್ಲಿ ನಿಮ್ಮ ವಾರ್ಡಿನ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ.

15 ಲಕ್ಷದಲ್ಲಿ ಮುಗಿಯುತ್ತದಾ ಅಂದರೆ, "ಮೊದಲ ಹಂತ" ಅನ್ನುವ ಮಾತೇ ಉತ್ತರ. ಪಾಯ, ಕಂಬ, ಸ್ಲಾಬ್ ಆಗಬಹುದು. ಎರಡನೇ ಹಂತಕ್ಕೆ ಯಾವ ವರ್ಷ ಹಣ ಅಂತ ಬರೆಸಿಕೊಳ್ಳದಿದ್ದರೆ ಕಂಬಿ ತುಕ್ಕು ಹಿಡಿಯುವುದನ್ನು ನೋಡುತ್ತಾ ಕೂರಬೇಕು. ಟೆಂಡರ್ ತಡವಾಗಿ ಕೆಲಸ ಮಾರ್ಚ್ ತಿಂಗಳಿಗೆ ಬಂತೋ, ಬಿಲ್ಲು ಟ್ರೆಜರಿಯ ಕ್ಯೂನಲ್ಲಿ ನಿಲ್ಲುತ್ತದೆ. ಆ ಹೊರೆ ಮುಂದಿನ ವರ್ಷದ ಪ್ಲಾನಿನ ತಲೆಗೆ. ಕಂಟ್ರಾಕ್ಟರ್ ಮತ್ತೆ ಫೋನ್ ತೆಗೆಯುವುದಿಲ್ಲ.

ಈಗ ಮುಖ್ಯ ವಿಷಯ. ನಾನು ಕಂಡ ಒಂದು ಹಾಲ್ ಇದೆ, ಯಾವ ಊರು ಅಂತ ಹೇಳುವುದಿಲ್ಲ. ಟೈಲ್ಸ್ ಎಲ್ಲಾ ಹಾಕಿ ಚೆನ್ನಾಗಿ ಕಟ್ಟಿದ್ದರು. ಉದ್ಘಾಟನೆಗೆ ಬಾಳೆಕಂಬ, ಬ್ಯಾಂಡ್, ಪಾಯಸ. ಎಸ್ಟಿಮೇಟಿನಲ್ಲಿ ಕರೆಂಟ್ ಕನೆಕ್ಷನ್ ಇರಲೇ ಇಲ್ಲ, ಬಾವಿಯೂ ಇಲ್ಲ. ಬೀಗದ ಕೈ ಯಾರ ಹತ್ತಿರ ಅಂತಲೇ ಜನರಿಗೆ ಗೊತ್ತಿಲ್ಲ. ಮದುವೆಯವರು ನೀರಿಲ್ಲ ಅಂತ ಬೇರೆ ಕಡೆ ಹೋದರು. ಕುಟುಂಬಶ್ರೀಯವರು ಮತ್ತೆ ಜಗಲಿಗೇ ಬಂದರು. ಈಗ ಅದರ ಬಾಗಿಲು ತೆರೆಯುವುದು ವೋಟಿನ ದಿನ.

ಕಟ್ಟಲು ಪ್ಲಾನ್ ಫಂಡ್ ಇರುತ್ತದೆ, ಎಂಎಲ್ಎ ಫಂಡ್ ಇರುತ್ತದೆ. ಎಂಪಿ ಫಂಡಿನಲ್ಲಂತೂ ಒಬ್ಬ ಎಂಪಿಗೆ ವರ್ಷಕ್ಕೆ 5 ಕೋಟಿ, ಕೇಳಿದರೆ ಸಿಗಲೂಬಹುದು. ಆದರೆ ತಿಂಗಳು ತಿಂಗಳು ಬರುವ ಕರೆಂಟ್ ಬಿಲ್ಲು, ಗುಡಿಸುವವರ ಕೂಲಿ, ಪಂಪು ಕೆಟ್ಟರೆ ರಿಪೇರಿ, ಇದೆಲ್ಲಾ ಪಂಚಾಯತಿನ ಸ್ವಂತ ಹಣದಿಂದ ಹೋಗಬೇಕು. ಗುಡ್ಡ ಮತ್ತು ತೋಟವೇ ಇರುವ ನಮ್ಮ ಕಡೆಯ ಪಂಚಾಯತುಗಳಿಗೆ ಸ್ವಂತ ಹಣ ಅಂದರೆ ಮನೆ ತೆರಿಗೆ, ನಾಲ್ಕು ಅಂಗಡಿಗಳ ಲೈಸೆನ್ಸ್ ಫೀ. ಗ್ರಾಮಸಭೆಯಲ್ಲಿ ನೀವು ಕೇಳಬೇಕಾದ್ದು ಇದನ್ನೇ: ಬೀಗದ ಕೈ ಯಾರ ಹತ್ತಿರ? ಬಾಡಿಗೆ ಎಷ್ಟು, ಬಡವರ ಮದುವೆಗೆ ಎಷ್ಟು? ಬಿಲ್ಲು ಯಾರು ಕಟ್ಟುತ್ತಾರೆ? ನನ್ನ ಪ್ರಕಾರ ನಡೆಸುವ ಕೆಲಸ ಕುಟುಂಬಶ್ರೀಗೆ ಕೊಡುವುದು ಒಳ್ಳೆಯದು. ವಾರ ವಾರ ಸೇರುವವರು ಅವರು. ಅವರ ಕೈಯಲ್ಲಿ ಲೆಕ್ಕವೂ ಇರುತ್ತದೆ, ಪೊರಕೆಯೂ ಇರುತ್ತದೆ.

ಕಣಿಪುರದವ:

ಅಕ್ಕ ಹೇಳಿದ್ದು ಸರಿ, ಆದರೆ ಜನರನ್ನು ಜಾಸ್ತಿ ಹೆದರಿಸಿದ ಹಾಗಾಯಿತು ಅಲ್ವಾ? ಪೇಟೆಯಲ್ಲಿ ಒಂದು ಮದುವೆ ಹಾಲಿನ ಬಾಡಿಗೆ ಕೇಳಿ ನೋಡಿ, ತಲೆ ತಿರುಗುತ್ತದೆ. ಅರ್ಧಂಬರ್ಧ ಹಾಲ್ ಇದ್ದರೂ ಶಾಮಿಯಾನ ಕಟ್ಟಿ ಮದುವೆ ಮುಗಿಸಬಹುದು. ಇನ್ನೊಂದು, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿನಾಡಿನ ಕನ್ನಡ ಕೆಲಸಗಳಿಗೆ ಅನುದಾನ ಕೊಡುತ್ತದೆ. ತಾಳಮದ್ದಳೆ, ಯಕ್ಷಗಾನ ಅಂತ ಬರೆದು ಅಲ್ಲಿಂದಲೂ ಕೇಳಬಾರದಾ?

ಹಳೇ ಮೆಂಬರಕ್ಕ:

ಕೇಳಬಹುದು, ಆದರೆ ಎರಡನ್ನೂ ಒಂದೇ ಗೋಡೆಗೆ ಮೆತ್ತಬೇಡಿ. ಕಟ್ಟಡ ಪಂಚಾಯತಿನದ್ದು, ಆಸ್ತಿ ರಿಜಿಸ್ಟರಿನಲ್ಲಿ ಅದರ ಹೆಸರು. ಯಾವುದೋ ಸಂಘದ ಹೆಸರಿನಲ್ಲಿ ಬಂದ ಹಣವನ್ನು ಅದರಲ್ಲಿ ಹಾಕಿದರೆ ನಾಳೆ ಹಾಲ್ ಯಾರದ್ದು ಅಂತ ತಗಾದೆ. ಸಂಘಕ್ಕೆ ಸ್ವಂತ ಜಾಗ ಇದ್ದರೆ ಆ ದಾರಿ ಬೇರೆ.

ಅರ್ಧಂಬರ್ಧ ಹಾಲಿನಲ್ಲಿ ಮದುವೆ ಮಾಡಬಹುದು ಅಂದಿರಿ. ಗಂಡಸರಿಗೆ ಆಗಬಹುದು. ಹೆಂಗಸರಿಗೆ ಶೌಚಾಲಯ ಎಲ್ಲಿ? ಮೊದಲ ಹಂತದಲ್ಲೇ ಬಾವಿ ಅಥವಾ ಪೈಪು, ಕರೆಂಟು, ಶೌಚಾಲಯ ಇರಲಿ. ಬೇಕಾದರೆ ಹಾಲನ್ನು ಸಣ್ಣದು ಮಾಡಿ.

ಬೈಲುಮನೆ:

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಂಶಯ. ಹಳೇ ಪ್ರಾಜೆಕ್ಟುಗಳ ಕಾಗದ ಕೇಳಿದರೆ ಮಲಯಾಳದಲ್ಲೇ ಕೊಡುತ್ತಾರೆ. ನಮ್ಮ ಮನೆಯಲ್ಲಿ ಮಲಯಾಳ ಓದಲು ತಂಗಿಗೆ ಮಾತ್ರ ಬರುತ್ತದೆ. ಕನ್ನಡದಲ್ಲೇ ಅರ್ಜಿ ಕೊಡಬಹುದಾ?

ಹಳೇ ಮೆಂಬರಕ್ಕ:

ಧೈರ್ಯವಾಗಿ ಕೊಡಿ. ಕನ್ನಡ ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಗ್ರಾಮಸಭೆಯ ನೋಟೀಸನ್ನೂ ಕನ್ನಡದಲ್ಲಿ ಕೇಳಿ. ಎಸ್ಟಿಮೇಟ್ ಕೊಡದಿದ್ದರೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಗ್ರಾಮಸಭೆಗೆ ಜನ ಕರೆದುಕೊಂಡು ಹೋಗುವುದನ್ನೂ ಮರೆಯಬೇಡಿ. ವಾರ್ಡಿನ ಮತದಾರರಲ್ಲಿ 10 ಶೇಕಡಾ ಬಾರದಿದ್ದರೆ ಕೋರಂ ಇಲ್ಲ.

ಬೈಲುಮನೆ:

ಸರಿ ಅಕ್ಕ. ಆ ಹಿರಿಯರ ತೆರಿಗೆ ರಶೀದಿಯಲ್ಲಿ ಸರ್ವೆ ನಂಬರ್ ಇದೆ, ಸೋಮವಾರ ಕೃಷಿ ಭವನಕ್ಕೆ ಹೋಗುತ್ತೇನೆ. ಗದ್ದೆ ಅಂತ ಇದ್ದರೆ ಅವರದ್ದೇ ಗುಡ್ಡೆಯ ಜಾಗ ಕೊಡುತ್ತಾರಾ ಅಂತ ಕೇಳಬೇಕು.

ಚೆಂಡೆಪೆಟ್ಟು:

ಗುಡ್ಡೆಯೇ ಒಳ್ಳೆಯದು ಮಾರಾಯ್ರೆ. ಎದುರು ಸ್ವಲ್ಪ ಬಯಲು ಬಿಡಿಸಿ, ಯಕ್ಷಗಾನದ ಆಟ ಆಡಿಸಬಹುದು. ಮತ್ತೆ ಎಂಜಿನಿಯರ್ ಹತ್ತಿರ ಹೇಳಿ, ಹಾಲಿನ ನಡುವೆ ಕಂಬ ಬೇಡ. ನಮ್ಮ ಕಡೆಯ ಹಾಲಿನಲ್ಲಿ ಭಾಗವತರ ಎದುರಿಗೇ ಒಂದು ಕಂಬ ಇದೆ, ಅವರ ಮುಖ ಕಂಡವರಿಲ್ಲ.