ಲಿನಕ್ಸ್‌ನಲ್ಲಿ ಪ್ರಿಂಟರ್ ಸಿಗುತ್ತೆ, ಕಾಗದ ಮಾತ್ರ ಬರಲ್ಲ: ಎಚ್‌ಪಿ 1020 ಮತ್ತು ಇನ್ನೊಂದಿಷ್ಟು ಪ್ರಶ್ನೆಗಳು

ಪ್ರಶ್ನೆ (ಜೆರಾಕ್ಸ್ ಅಂಗಡಿಯವರು, ಅರಸೀಕೆರೆ ಕಡೆ):
ನಮಸ್ಕಾರ ಸರ್. ಅಂಗಡಿಯಲ್ಲಿ ಹಳೇ ಎಚ್‌ಪಿ ಲೇಸರ್‌ಜೆಟ್ 1020 ಇದೆ. ಲಿನಕ್ಸ್ ಮಿಂಟ್ 21ರಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಮೊನ್ನೆ ಮಿಂಟ್ 22ಕ್ಕೆ ಅಪ್‌ಗ್ರೇಡ್ ಮಾಡಿದೆ. ಅಲ್ಲಿಂದ ಪ್ರಿಂಟ್ ಕೊಟ್ಟರೆ ‘ಫಿಲ್ಟರ್ ಫೇಲ್ಡ್’ ಅಂತ ಬರುತ್ತದೆ. ಪ್ರಿಂಟರನ್ನು ಇನ್ನೊಮ್ಮೆ ಆ್ಯಡ್ ಮಾಡಿ, ಡ್ರೈವರ್ ಪಟ್ಟಿಯಲ್ಲಿ ಬೇರೆ ಒಂದನ್ನು ಆರಿಸಿದೆ. ಈಗ ‘ಕಂಪ್ಲೀಟೆಡ್’ ಅಂತ ತೋರಿಸುತ್ತದೆ, ಆದರೆ ಕಾಗದ ಅಲ್ಲಾಡುವುದೇ ಇಲ್ಲ. ಪಹಣಿ ಪ್ರಿಂಟಿಗೆ ಬಂದವರನ್ನು ಪಕ್ಕದ ಅಂಗಡಿಗೆ ಕಳಿಸುತ್ತಿದ್ದೇನೆ. ಪ್ರಿಂಟರೇ ಕೆಟ್ಟಿದೆಯಾ?

ಉತ್ತರ (ಸಿಸ್ಟಮ್ ಅಡ್ಮಿನ್):
ಕೆಟ್ಟಿರುವ ಹಾಗೆ ಕಾಣುವುದಿಲ್ಲ ಸರ್. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಎರಡು ವಿಷಯ ನೋಡಿ ಹೇಳಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಡಿ. (ಇಲ್ಲಿ ಕಮಾಂಡ್‌ಗಳನ್ನೆಲ್ಲ ಓದುವ ಹಾಗೆ ಬರೆಯುತ್ತೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ.) ಅದರಲ್ಲಿ ಪ್ರಿಂಟರಿನ ಸಾಲು ಬಂತಾ ನೋಡಿ. ಆಮೇಲೆ ಸಿಸ್‌ಲಾಗ್ ಫೈಲಿನಲ್ಲಿ (ಸಿಸ್ಟಮ್ ತನ್ನ ಆಗುಹೋಗುಗಳನ್ನು ಬರೆದಿಡುವ ಫೈಲು) ‘ಪ್ಲಗಿನ್’ ಎಂಬ ಪದ ಹುಡುಕಿ. ಸಿಕ್ಕಿದ ಸಾಲನ್ನು ಇಲ್ಲಿ ಹಾಕಿ.

ಜೆರಾಕ್ಸ್ ಅಂಗಡಿಯವರು:
ಪ್ರಿಂಟರ್ ಸಾಲಿನಲ್ಲಿ 03ಎಫ್0:2ಬಿ17 ಅಂತಿದೆ. ಲಾಗ್‌ನಲ್ಲಿ ಪ್ಲಗಿನ್ ವರ್ಷನ್ 3.21.12, ಎಚ್‌ಪಿಲಿಪ್ ವರ್ಷನ್ 3.23.12, ‘ಮಿಸ್‌ಮ್ಯಾಚ್’ ಅಂತ ಇದೆ.

ಉತ್ತರ:
ಅಲ್ಲೇ ಇದೆ ಉತ್ತರ. 03ಎಫ್0 ಅಂದರೆ ಎಚ್‌ಪಿ ಕಂಪನಿ, 2ಬಿ17 ಅಂದರೆ 1020. ಕೇಬಲ್, ಪೋರ್ಟ್ ಎರಡೂ ಸರಿ ಇವೆ ಅಂತ ಆಯಿತು. ತೊಂದರೆ ಇರುವುದು ಪ್ಲಗಿನ್‌ನಲ್ಲಿ.

1020ರ ಸ್ವಭಾವ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಅದು ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ನಡೆಸುವ ಪ್ರೋಗ್ರಾಮನ್ನು, ಒಳಗೆ ಇಟ್ಟುಕೊಳ್ಳುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಮರೆತೇಬಿಡುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಯುಎಸ್‌ಬಿ ಮೂಲಕ ತುಂಬಬೇಕು. ವಿಂಡೋಸ್‌ನಲ್ಲೂ ಹೀಗೇ, ಅಲ್ಲಿ ಡ್ರೈವರ್ ಸುಮ್ನೆ ಹಿಂದೆ ಈ ಕೆಲಸ ಮಾಡಿಬಿಡುತ್ತದೆ, ನಮಗೆ ಕಾಣುವುದಿಲ್ಲ. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸವೂ ಕಂಪ್ಯೂಟರಿನದೇ. ಪ್ರಿಂಟರ್ ಬೆಲೆ ಇಳಿಸಲು ಕಂಪನಿಗಳು ಹಿಡಿದ ದಾರಿ ಇದು. ಒಳಗೆ ದೊಡ್ಡ ಪ್ರೊಸೆಸರ್, ಜಾಸ್ತಿ ಮೆಮೊರಿ ಬೇಕಾಗುವುದಿಲ್ಲ.

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಎಚ್‌ಪಿಲಿಪ್ ಇದೆ. ಅದು ಎಚ್‌ಪಿಯವರದೇ ಓಪನ್ ಸೋರ್ಸ್ ಪ್ಯಾಕೇಜು, ಮಿಂಟ್ ಜೊತೆಗೇ ಬರುತ್ತದೆ. ಆದರೆ 1020ಕ್ಕೆ ಬೇಕಾದ ಫರ್ಮ್‌ವೇರ್ ಮತ್ತು ಒಂದು ಲೈಬ್ರರಿ ಓಪನ್ ಸೋರ್ಸ್ ಅಲ್ಲ. ಅದಕ್ಕೇ ‘ಪ್ಲಗಿನ್’ ಅಂತ ಬೇರೆ ಇಟ್ಟಿದ್ದಾರೆ. ಪ್ಲಗಿನ್ ವರ್ಷನ್ ಮತ್ತು ಎಚ್‌ಪಿಲಿಪ್ ವರ್ಷನ್ ಒಂದೇ ಇರಬೇಕು, ಚೂರು ಹೆಚ್ಚುಕಮ್ಮಿ ಆದರೂ ನಡೆಯುವುದಿಲ್ಲ. ಅಪ್‌ಗ್ರೇಡ್ ಮಾಡಿದಾಗ ಎಚ್‌ಪಿಲಿಪ್ 3.23.12ಕ್ಕೆ ಹೋಯಿತು. ಪ್ಲಗಿನ್ ಹಳೇ ಜಾಗದಲ್ಲೇ ಉಳಿಯಿತು. ಹಾಗಾಗಿ ‘ಫಿಲ್ಟರ್ ಫೇಲ್ಡ್’.

ನೀವು ಎರಡನೇ ಸಲ ಆರಿಸಿದ್ದು ಬಹುಶಃ ಫೂ2ಝಡ್‌ಜೆಎಸ್ ಡ್ರೈವರ್. ಸಮುದಾಯದವರು ಬರೆದ ಒಳ್ಳೆಯ ಡ್ರೈವರೇ ಅದು. ಪುಟವನ್ನು ಸರಿಯಾಗಿಯೇ ತಯಾರಿಸಿ ಕಳಿಸುತ್ತದೆ, ಅದಕ್ಕೇ ‘ಕಂಪ್ಲೀಟೆಡ್’ ಅಂತ ಬರುತ್ತದೆ. ಆದರೆ ಆ ಕಡೆ ಪ್ರಿಂಟರಿಗೆ ಫರ್ಮ್‌ವೇರೇ ಇಲ್ಲ, ಬಂದ ಡೇಟಾವನ್ನು ಏನು ಮಾಡಬೇಕೆಂದು ಅದಕ್ಕೆ ಗೊತ್ತಿಲ್ಲ. ಫರ್ಮ್‌ವೇರ್ ತುಂಬಲು ಎರಡು ಕಡೆಯಿಂದ ಪ್ರಯತ್ನ ನಡೆಯುವುದು ಬೇಡ. ಆ ಡ್ರೈವರ್ ಹಾಕಿ ಸೇರಿಸಿದ ಪ್ರಿಂಟರನ್ನು ಪಟ್ಟಿಯಿಂದ ತೆಗೆದುಬಿಡಿ, ಎಚ್‌ಪಿಲಿಪ್ ಒಂದನ್ನೇ ಇಟ್ಟುಕೊಳ್ಳಿ.

ಈಗ ಮಾಡಬೇಕಾದ್ದು. ಪ್ರಿಂಟರ್ ಸೆಟಿಂಗ್ಸ್‌ನಲ್ಲಿ 1020 ಹೆಸರಿನ ಎರಡೂ ಪ್ರಿಂಟರ್ ಡಿಲೀಟ್ ಮಾಡಿ. ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’, ಒಂದು ಸ್ಪೇಸ್, ಆಮೇಲೆ ಹೈಫನ್ ಮತ್ತು ‘ಐ’ ಕೊಡಿ. ಇಂಟರ್‌ನೆಟ್ ಇರಲಿ. ಎಲ್ಲಿಂದ ತರಲಿ ಎಂದು ಕೇಳುತ್ತದೆ, ‘ಡಿ’ ಒತ್ತಿ. ಲೈಸೆನ್ಸ್ ತೋರಿಸುತ್ತದೆ, ‘ವೈ’ ಒತ್ತಿ. ನಡುವೆ ಒಂದು ಕಡೆ ಹುಷಾರು: ಇಳಿಸಿದ ಪ್ಲಗಿನ್ ಎಚ್‌ಪಿಯವರದೇ ಎಂದು ಅದರ ಡಿಜಿಟಲ್ ಸಹಿ ಪರೀಕ್ಷಿಸುವ ಕೀ ಸಿಗದಿದ್ದರೆ, ‘ಆದರೂ ಮುಂದುವರಿಯಲಾ’ ಎಂದು ಕೇಳುತ್ತದೆ. ಅಲ್ಲಿ ಸುಮ್ನೆ ಎಂಟರ್ ಒತ್ತಿದರೆ ‘ಬೇಡ’ ಎಂದೇ ಲೆಕ್ಕ, ಇನ್‌ಸ್ಟಾಲ್ ಅಲ್ಲಿಗೆ ನಿಲ್ಲುತ್ತದೆ. ತುಂಬಾ ಜನ ಎಂಟರ್ ಒತ್ತಿ, ‘ಮುಗಿಯಿತು’ ಅಂದುಕೊಂಡು ಹೋಗುತ್ತಾರೆ. ಈ ಸಂದೇಶ ಬಂದರೆ ಮೊದಲು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ನೆಟ್‌ವರ್ಕ್ ಕೀ ಸರ್ವರನ್ನು ತಡೆದಿರುತ್ತದೆ ಅಷ್ಟೆ.

ಪ್ಲಗಿನ್ ಕೂತ ಮೇಲೆ ಪ್ರಿಂಟರ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಫರ್ಮ್‌ವೇರ್ ಹೋಗಿದ್ದರೆ ಲೈಟ್ ಮಿನುಗಿ, ಒಳಗೆ ರೋಲರ್ ಒಮ್ಮೆ ಗರ್ರ್ ಎಂದು ತಿರುಗುತ್ತದೆ. ಆ ಸದ್ದು ಕೇಳಿದರೆ ಮುಕ್ಕಾಲು ಕೆಲಸ ಆಯಿತು. ಕೊನೆಗೆ ‘ಎಚ್‌ಪಿ-ಸೆಟಪ್’ ಜೊತೆಗೂ ಅದೇ ಹೈಫನ್ ‘ಐ’ ಕೊಟ್ಟು ಪ್ರಿಂಟರ್ ಸೇರಿಸಿ.

ಜೆರಾಕ್ಸ್ ಅಂಗಡಿಯವರು:
ಬಂತು ಸರ್, ಬಂತು! ಟೆಸ್ಟ್ ಪೇಜ್ ಬಂತು. ಆದರೆ ಅಪ್ಪನ ಲ್ಯಾಪ್‌ಟಾಪಿನಿಂದಲೂ ಇದಕ್ಕೇ ಪ್ರಿಂಟ್ ಕೊಟ್ಟು ಕೊಟ್ಟು ನಿಂತಿದ್ದವಲ್ಲ, ಆ ಹಳೇ ಜಾಬ್‌ಗಳೆಲ್ಲ ಒಟ್ಟಿಗೆ ಬರಲು ಶುರುವಾಯಿತು. ಬ್ರೌಸರ್‌ನಲ್ಲಿ ‘ಲೋಕಲ್‌ಹೋಸ್ಟ್:631’ ಪುಟ ತೆರೆದರೆ ಪೂರ್ತಿ ಸಾಲುಗಟ್ಟಿ ನಿಂತಿವೆ.

ಉತ್ತರ:
ಅದು ಕಪ್ಸ್‌ನ ಪುಟ, ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸವೆಲ್ಲ ಹಾದುಹೋಗುವ ಜಾಗ. ಆ ಲ್ಯಾಪ್‌ಟಾಪ್ ಕೂಡ ಲಿನಕ್ಸ್ ಆಗಿದ್ದರೆ ಅದರಲ್ಲೂ ಇದೇ ಪುಟ ತೆರೆದು, ಅಲ್ಲಿ ನಿಂತಿರುವ ಜಾಬ್‌ಗಳನ್ನೂ ಕ್ಯಾನ್ಸಲ್ ಮಾಡಿ. ಒಂದೊಂದೇ ಒತ್ತಲು ಬೇಜಾರಾದರೆ ಟರ್ಮಿನಲ್‌ನಲ್ಲಿ ‘ಕ್ಯಾನ್ಸಲ್’, ಸ್ಪೇಸ್, ಹೈಫನ್ ‘ಎ’. ಟೋನರ್ ಉಳಿಯಲಿ. ಮುಂದೆ ಮಿಂಟ್ 23ಕ್ಕೆ ಹೋದ ಮೇಲೂ ಮೊದಲು ಪ್ಲಗಿನ್ ಇನ್ನೊಮ್ಮೆ ಹಾಕಿ. ಮಿಂಟ್ 22ರ ಸಾಲಿನೊಳಗಿನ ಮಾಮೂಲಿ ಅಪ್‌ಡೇಟ್‌ಗಳಿಂದ ಎಚ್‌ಪಿಲಿಪ್ ಬದಲಾಗುವುದಿಲ್ಲ, ಭಯ ಬೇಡ.

ಪ್ರಶ್ನೆ (ಟ್ಯೂಷನ್ ನಡೆಸುವವರು, ಧಾರವಾಡ):
ನನ್ನದು ಕ್ಯಾನನ್ ಎಲ್‌ಬಿಪಿ2900. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಪೋರ್ಟ್ ನಿಂತ ಮೇಲೆ ಲಿನಕ್ಸ್ ಹಾಕಿಸಿದೆ. ಹಾಕಿಕೊಟ್ಟವರು ‘ಇದಕ್ಕೆ ಲಿನಕ್ಸ್‌ನಲ್ಲಿ ಪ್ರಿಂಟರ್ ಬರಲ್ಲ, ಹೊಸದು ತಗೊಳ್ಳಿ’ ಅಂದರು. ನಿಜವಾ?

ಉತ್ತರ:
ಪೂರ್ತಿ ನಿಜ ಅಲ್ಲ ಮೇಡಂ. ಆದರೆ ಸುಲಭ ಅಂತಲೂ ಹೇಳಲಾರೆ. ಈ ಪ್ರಿಂಟರ್ ಮಾತಾಡುವುದು ಕ್ಯಾಪ್ಟ್ ಎಂಬ ಭಾಷೆ, ಕ್ಯಾನನ್‌ನವರ ಸ್ವಂತದ್ದು. ಅವರೇ ಲಿನಕ್ಸ್‌ಗೆ ಡ್ರೈವರ್ ಕೊಟ್ಟಿದ್ದಾರೆ. ಅದರ ಜೊತೆ ಸಿಸಿಪಿಡಿ ಎಂಬ ಹಿನ್ನೆಲೆ ಪ್ರೋಗ್ರಾಮ್ ಯಾವಾಗಲೂ ಓಡುತ್ತಿರಬೇಕು. 64 ಬಿಟ್ ಸಿಸ್ಟಮ್‌ನಲ್ಲಿ 32 ಬಿಟ್ ಲೈಬ್ರರಿಗಳನ್ನೂ ಹಾಕಬೇಕಾಗುತ್ತದೆ. ಪ್ರಿಂಟ್ ಬರದಿದ್ದರೆ ಅರ್ಧ ಸಲ ಸಿಸಿಪಿಡಿ ನಿಂತುಹೋಗಿರುವುದೇ ಕಾರಣ. ಸಮುದಾಯದವರ ‘ಕ್ಯಾಪ್ಟ್‌ಡ್ರೈವರ್’ ಕೂಡ ಇದೆ, ಅದಕ್ಕೆ ಸಿಸಿಪಿಡಿ ಬೇಡ, ಆದರೆ ನೀವೇ ಕಂಪೈಲ್ ಮಾಡಬೇಕು, ಅಂದರೆ ಸೋರ್ಸ್ ಕೋಡಿನಿಂದ ಪ್ರೋಗ್ರಾಮ್ ತಯಾರಿಸಿಕೊಳ್ಳಬೇಕು.

ನನ್ನ ಮಾತು ಕೇಳಿ: ಟರ್ಮಿನಲ್ ಬಳಸಿ ಅಭ್ಯಾಸ ಇರುವ ಒಬ್ಬರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಕ್ಯಾನನ್‌ನವರ ಡ್ರೈವರ್ ಹಾಕಿಸಿ. ಡ್ರೈವರನ್ನು ಕ್ಯಾನನ್ ಸೈಟಿನಿಂದಲೇ ಇಳಿಸಿ. ‘ಫ್ರೀ ಡ್ರೈವರ್ ಡೌನ್‌ಲೋಡ್’ ಅಂತ ದೊಡ್ಡ ಹಸಿರು ಬಟನ್ ಇರುವ ಸೈಟುಗಳ ಕಡೆ ತಲೆ ಹಾಕಬೇಡಿ. ಪ್ರಿಂಟರ್ ಗಟ್ಟಿ ಇರುವಾಗ ಬಿಸಾಡುವುದು ಯಾಕೆ?

ಪ್ರಶ್ನೆ (ಇನ್ನೊಬ್ಬರು):
ಹಾಗಾದರೆ ಹೊಸದು ತಗೊಳ್ಳುವವರು ಏನು ನೋಡಬೇಕು? ಇದೆಲ್ಲ ತಲೆನೋವು ಬೇಡ.

ಉತ್ತರ:
ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಗುರುತು ಇದೆಯಾ ನೋಡಿ, ಅಷ್ಟೆ. ಫೋನಿನಿಂದ ನೇರ ಪ್ರಿಂಟ್ ಆಗುವ ಪ್ರಿಂಟರ್ ಲಿನಕ್ಸ್‌ನಲ್ಲೂ ಹೆಚ್ಚಾಗಿ ಡ್ರೈವರ್ ಇಲ್ಲದೇ ನಡೆಯುತ್ತದೆ. ಎರಡೂ ಕಡೆ ಮಾತು ಐಪಿಪಿ ಎಂಬ ಪ್ರಿಂಟಿಂಗ್ ಭಾಷೆಯಲ್ಲೇ. 2010ರಲ್ಲಿ ಆಪಲ್ ಏರ್‌ಪ್ರಿಂಟ್ ತಂದಿದ್ದು ಐಫೋನ್‌ಗೆ, ಅದರ ಲಾಭ ಲಿನಕ್ಸ್‌ನವರಿಗೂ ಸಿಕ್ಕಿತು. ವೈಫೈ ಬೇಡ ಅಂದರೆ ಯುಎಸ್‌ಬಿ ಕೇಬಲ್ಲಿಗೂ ಇದೇ ದಾರಿ ಇದೆ, ಐಪಿಪಿ-ಯುಎಸ್‌ಬಿ ಪ್ಯಾಕೇಜ್ ಆ ಕೆಲಸ ಮಾಡುತ್ತದೆ. ಕಪ್ಸ್‌ನ ಮುಂದಿನ ದೊಡ್ಡ ಆವೃತ್ತಿ 3ರಲ್ಲಿ ಹಳೇ ಮಾದರಿಯ ಡ್ರೈವರ್ ಫೈಲುಗಳಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ಈಗ ದುಡ್ಡು ಹಾಕುವವರು ಈ ಗುರುತು ನೋಡದೆ ತಗೊಳ್ಳಬೇಡಿ.

ವೈಫೈ ಪ್ರಿಂಟರ್ ಪಟ್ಟಿಯಲ್ಲಿ ಕಾಣದಿದ್ದರೆ ಡ್ರೈವರ್ ಹುಡುಕಬೇಡಿ, ರೂಟರ್ ನೋಡಿ. ಪ್ರಿಂಟರ್ ಗೆಸ್ಟ್ ವೈಫೈಯಲ್ಲಿ, ಕಂಪ್ಯೂಟರ್ ಮೇನ್ ವೈಫೈಯಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ.

ಪ್ರಶ್ನೆ (ಡಿಟಿಪಿ ಮಾಡುವವರು, ಮೈಸೂರು):
ನನ್ನ ಪ್ರಿಂಟರ್ ಸರಿ ಇದೆ. ಆದರೆ ಹಳೇ ನುಡಿ ಫೈಲ್ ತೆರೆದು ಪ್ರಿಂಟ್ ಕೊಟ್ಟರೆ ಕನ್ನಡದ ಬದಲು ಇಂಗ್ಲಿಷಿನ ಎಂಥೆಂಥದೋ ಅಕ್ಷರ ಬರುತ್ತವೆ. ಡ್ರೈವರ್ ತೊಂದರೆನಾ?

ಉತ್ತರ:
ಅಲ್ಲ, ಫಾಂಟ್. ಹಳೇ ನುಡಿ ಫೈಲಿನ ಒಳಗಿರುವುದು ನಿಜವಾಗಿ ಲ್ಯಾಟಿನ್ ಕೋಡ್‌ಗಳೇ, ನುಡಿ ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ನಿಮ್ಮ ಲಿನಕ್ಸ್‌ನಲ್ಲಿ ಆ ಫಾಂಟ್ ಇಲ್ಲ. ವಿಂಡೋಸ್ ಕಂಪ್ಯೂಟರಿನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ತಂದು, ಹೋಮ್ ಫೋಲ್ಡರಿನೊಳಗೆ ಚುಕ್ಕಿಯಿಂದ ಶುರುವಾಗುವ ಫಾಂಟ್ಸ್ (.fonts) ಫೋಲ್ಡರಿಗೆ ಹಾಕಿ (ಇಲ್ಲದಿದ್ದರೆ ಮಾಡಿಕೊಳ್ಳಿ), ಟರ್ಮಿನಲ್‌ನಲ್ಲಿ ‘ಎಫ್‌ಸಿ-ಕ್ಯಾಶ್’ (fc-cache) ಕೊಟ್ಟು ಲಿಬ್ರೆ ಆಫೀಸ್ ಮುಚ್ಚಿ ತೆರೆಯಿರಿ. ಸ್ಕ್ರೀನಿನ ಮೇಲೆ ಕನ್ನಡ ಸರಿ ಕಂಡು, ಕಾಗದದಲ್ಲಿ ಮಾತ್ರ ಒತ್ತಕ್ಷರ ಎಡವಟ್ಟಾಗುತ್ತಿದ್ದರೆ ಅದು ಬೇರೆ ಕಥೆ. ಆಗ ಮೊದಲು ಪಿಡಿಎಫ್ ಮಾಡಿ, ಅದನ್ನು ಪ್ರಿಂಟಿಗೆ ಕೊಡಿ. ಪಿಡಿಎಫ್ ತೆರೆದಾಗಲೂ ಕೆಟ್ಟು ಕಂಡರೆ ಪೇಜಿನ ಸ್ಕ್ರೀನ್‌ಶಾಟ್ ಮತ್ತು ಫಾಂಟಿನ ಹೆಸರು ಇಲ್ಲಿ ಹಾಕಿ, ನೋಡೋಣ.